ಗಿರಣಿ ಬಾಗಿಲಿನ ಬೆಂಚು

ನಮ್ಮ ಗುಡಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಕಾಕಾ, ನಿರ್ಧಾರವೆಂಬ ಪದಾರ್ಥವನ್ನು ಬಹಳ ಗೌರವದಿಂದ, ದೂರದಿಂದಲೇ ಕಂಡವರು. ಏನು ಕೇಳಿದರೂ ಟೊಪ್ಪಿಗೆ ತೆಗೆದು, ಹಿಟ್ಟು ಕೊಡವಿ, "ನೋಡೂಣು ತಡೀರಿ" ಎನ್ನುತ್ತಿದ್ದರು.

ಒಂದು ವರ್ಷ ಗಿರಾಕಿಗಳು ಕಡಿಮೆಯಾದರು. ಬೀಸುವ ಕಲ್ಲು ಬದಲಿಸಬೇಕೋ, ಗಿರಣಿಯನ್ನೇ ಮಾರಬೇಕೋ? ಮುಂಜಾನೆ ಕಲ್ಲು, ಸಂಜೆ ಮಾರಾಟ. ಹೀಗೆ ಟೊಪ್ಪಿಗೆ ಸವೆಯಿತು. ಕೊಳ್ಳುವವನೊಬ್ಬ ಸಿಕ್ಕಿ, ಸಂತೆಯ ದಿನ ಬರುತ್ತೇನೆಂದ.

ಅದರ ಹಿಂದಿನ ದಿನ ಓಣಿಯ ಸೊಸೆಯೊಬ್ಬಳು ಜೋಳದ ಡಬ್ಬಿ ಹೊತ್ತು ಪಕ್ಕದೂರಿನ ಗಿರಣಿಗೆ ಹೋಗಲು ಬಸ್ಸಿಗೆ ನಿಂತಿದ್ದಳು. ನಾನೂ ಅಲ್ಲೇ ಇದ್ದೆ. ಆ ದಾರಿಯಲ್ಲಿ ಬಂದ ಕಾಕಾ ತಡೆಯಲಾರದೆ ಕೇಳಿದರು: "ಯಾಕವ್ವಾ, ನಮ್ಮ ಹಿಟ್ಟು ಸಣ್ಣ ಬರೂದಿಲ್ಲೇನು?"

"ಹಿಟ್ಟು ಅಗದಿ ಚೊಲೋ ಬರತೈತ್ರಿ ಕಾಕಾ. ಆದ್ರ ಬಾಗಲದಾಗ ಬೆಂಚು ಹಾಕೀರಿ. ಅದರ ಮ್ಯಾಲ ನಮ್ಮ ಮಾವಾರು ಕುಂತಿರತಾರ. ಊರಾಗಿನ ಎಲ್ಲಾರ ಮಾವಾರೂ ಅಲ್ಲೇ ಕುಂತಿರತಾರ. ನಾವು ತಲಿ ಮ್ಯಾಲಿನ ಸೆರಗ ಹಿಡೀಬೇಕೋ, ಡಬ್ಬಿ ಹಿಡೀಬೇಕೋ?"

ಕಾಕಾ ಟೊಪ್ಪಿಗೆ ಮುಟ್ಟಲಿಲ್ಲ. ನೆಟ್ಟಗೆ ಗಿರಣಿಗೆ ನಡೆದರು. "ಏಳ್ರಿ ಹಿರ್ಯಾರ!"

"ಯಾಕಲೇ, ಕುಂತಿದ್ದಕ್ಕೂ ಬಾಡಿಗಿ ಕೇಳತಿಯೇನು?"

"ಬಾಡಿಗಿ ಬ್ಯಾಡ್ರಿ, ನೆರಳ ಕೊಡತೇನಿ." ಬೆಂಚನ್ನು ಒಬ್ಬರೇ ಎತ್ತಿ ಹಿತ್ತಲಿನ ಬೇವಿನ ಗಿಡದ ಬುಡಕ್ಕೆ ಒಯ್ದರು. ಹಿರಿಯರ ಮಹಾಸಭೆ ಗೊಣಗುತ್ತ ಹಿಂಬಾಲಿಸಿತು.

ಬಸ್ಸು ಬರುವ ಮೊದಲೇ ಸುದ್ದಿ ಓಣಿ ಸುತ್ತಿತು. ಸಂತೆಯ ದಿನ ಕೊಳ್ಳಲು ಬಂದವನಿಗೆ ಡಬ್ಬಿಗಳ ಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ಮಾರೂದಿಲ್ಲಪಾ! ಬಾಜು ಸರಿ, ಹೆಣ್ಣಮಕ್ಕಳು ನಿಂತಾರ" ಎಂದು ಕಾಕಾ ಒಳಗಿನಿಂದ ಕೂಗಿದರು.

ಗಿರಣಿಯ ಸದ್ದನ್ನೂ ಮೀರಿ ನಗೆ ಕೇಳಿಬರುತ್ತಿತ್ತು. ಬೇವಿನ ಕೆಳಗೆ ಹಿರಿಯರೊಬ್ಬರು ಕಿವಿಗೊಟ್ಟು ಕೂತಿದ್ದರು. "ನಮ್ಮ ಸೊಸಿ ಇಷ್ಟು ಜೋರ ನಗತಾಳೇನು?" ಎಂದರು. "ನನಗ ಗೊತ್ತ ಇದ್ದಿಲ್ಲ ನೋಡ್ರಿ."