ಅಪ್ಪಯ್ಯಣ್ಣ ಹಾಕಿದ ಬ್ಯಾಸ್ಕೆಟ್‌ಬಾಲ್ ಕಣ

ದೊಡ್ಡಬಳ್ಳಾಪುರದ ಸುತ್ತಮುತ್ತ ಕಣ ಮಾಡುವುದರಲ್ಲಿ ಅಪ್ಪಯ್ಯಣ್ಣನನ್ನು ಮೀರಿಸುವವರಿರಲಿಲ್ಲ. ಅವನು ಮಣ್ಣು ಹದಮಾಡಿ, ದಿಮ್ಮಸು ಹಾಕಿ ಬಡಿದು, ಸಗಣಿ ಸಾರಿಸಿದ ಕಣದಲ್ಲಿ ರಾಗಿ ಒಕ್ಕಿದರೆ ಹುಡುಕಿದರೂ ಒಂದು ಕಲ್ಲು ಸಿಗುತ್ತಿರಲಿಲ್ಲ. ಆ ಹೆಮ್ಮೆ ಅವನಿಗೂ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ನಲವತ್ತೊಂಬತ್ತನೇ ಇಸವಿಯ ಜನವರಿಯಲ್ಲಿ, ಊರಿನವರೇ ಸೇರಿ ತೆರೆದಿದ್ದ ಪುಟ್ಟ ಕಾಲೇಜಿನ ಡ್ರಿಲ್ ಮೇಷ್ಟ್ರು ಮುನಿರಾಮಯ್ಯ ಅವನ ಮನೆಗೆ ಬಂದರು. ಇನ್ನು ಹದಿನೈದು ದಿನಕ್ಕೆ ಬೆಂಗಳೂರಿನ ಕಾಲೇಜೊಂದರ ಹುಡುಗರು ಬ್ಯಾಸ್ಕೆಟ್‌ಬಾಲ್ ಆಡಲು ಬರುತ್ತಾರೆ, ಕಾಲೇಜಿನ ಬಯಲಲ್ಲಿ ಚೆಂಡು ಪುಟಿಯುವಂಥ ಗಟ್ಟಿ ನೆಲ ಬೇಕು ಎಂದರು. "ನಿನ್ನ ಕಣದ ಥರಾನೇ ಇರ್ಲಿ ಅಪ್ಪಯ್ಯಣ್ಣ, ನೂರಡಿ ಸಾಕು" ಎಂದು ಹೇಳಿ, ಚೆಂಡು ಹಾಕುವ ಕಬ್ಬಿಣದ ಬಳೆ ತರಲು ಬೆಂಗಳೂರಿಗೆ ಹೋದವರು ವಾಪಸಾದದ್ದು ವಾರದ ಮೇಲೆ.

ಬಂದು ನೋಡಿದರೆ, ನೂರಡಿ ಅಗಲದ ದುಂಡನೆಯ ಕಣ, ಕನ್ನಡಿಯಂಥ ನೆಲ. ನಟ್ಟನಡುವೆ ಎತ್ತು ಕಟ್ಟಿ ಸುತ್ತಿಸುವ ಮೇಟಿ ಕಂಬ! ಅದಕ್ಕೆ ಅರಿಸಿನ ಕುಂಕುಮ ಬೇರೆ.

"ಇದೇನಣ್ಣ ಮಾಡ್ಬಿಟ್ಟೆ? ನಡುವೆ ಕಂಬ ಇಟ್ಕೊಂಡು ಹುಡುಗ್ರು ಹೆಂಗಾಡ್ತಾರೆ? ಕಿತ್ತಾಕು."

"ಮೇಟಿ ಇಲ್ದೆ ಕಣ ಎಲ್ಲೈತೆ ಮೇಷ್ಟ್ರೇ? ಪೂಜೆ ಮಾಡಿ ನೆಟ್ಟಿವ್ನಿ. ಸುಗ್ಗಿ ಮುಗಿಯೋಗಂಟ ಕೀಳಂಗಿಲ್ಲ. ಕಿತ್ರೆ ಮನೇಲಿ ಕಾಳು ನಿಲ್ಲಲ್ಲ."

ಆಟ ನಡೆಯದಿದ್ದರೆ ಕಾಲೇಜಿನವರು ಆ ಬಯಲಲ್ಲಿ ಕಟ್ಟಡ ಎಬ್ಬಿಸುವವರಿದ್ದರು. ಮೇಷ್ಟ್ರು ಬೇಡಿಕೊಂಡರು, ರೇಗಿದರು. ಅಪ್ಪಯ್ಯಣ್ಣ ಜಗ್ಗಲಿಲ್ಲ. ಆದರೆ ಮನೆಗೆ ಹೋದರೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ತನ್ನಿಂದಲೇ ಆಟ ನಿಂತಿತು ಎಂದು ಊರು ಆಡಿಕೊಂಡರೆ ಮುಖ ಎಲ್ಲಿಟ್ಟುಕೊಳ್ಳುವುದು?

ಹೆಂಡತಿ ಲಕ್ಕಮ್ಮ ಒಂದು ದಿನ ಈ ಪೇಚಾಟ ನೋಡಿದಳು. ಮಾರನೆಯ ದಿನ ಅವಳಿಗೂ ಸಾಕಾಯಿತು.

"ಸುಗ್ಗಿ ಮುಗೀಬೇಕು ತಾನೆ? ನಮ್ಮ ರಾಗಿ ಮೆದೆ ಹಂಗೇ ಐತೆ. ತಗೊಂಡೋಗಿ ಅಲ್ಲೇ ಒಕ್ಕು. ಆಮೇಲೆ ಮೇಟಿ ಕೀಳೋಕೆ ಯಾರ ಅಡ್ಡಿ?"

ಕಾಲೇಜು ಹುಡುಗರು ಪಂಚೆ ಎತ್ತಿಕಟ್ಟಿ ತೆನೆ ಹೊತ್ತು ತಂದರು. ಎರಡು ದಿನ ಎತ್ತುಗಳು ಗುಂಡುಕಲ್ಲು ಎಳೆಯುತ್ತ ಮೇಟಿ ಸುತ್ತಿದವು, ನೆಲ ಇನ್ನಷ್ಟು ಬಿಗಿಯಾಯಿತು. ರಾಶಿ ಪೂಜೆಯಾದ ಮೇಲೆ ಅಪ್ಪಯ್ಯಣ್ಣನೇ ಮೇಟಿ ಕಿತ್ತು, ಗುಂಡಿ ತುಂಬಿ, ಶನಿವಾರ ಸಂಜೆಯವರೆಗೂ ದಿಮ್ಮಸು ಹಾಕಿದ. ಮೇಷ್ಟ್ರು ಎರಡು ಕೊನೆಗೂ ಬಳೆ ಕಂಬ ನೆಟ್ಟು, ದುಂಡು ಕಣದೊಳಗೆ ಸುಣ್ಣದಲ್ಲಿ ಉದ್ದನೆಯ ಚೌಕ ಎಳೆದರು. ಎರಡೂ ಬದಿ ಬಿಲ್ಲಿನಂತೆ ಮಿಕ್ಕ ಜಾಗದಲ್ಲಿ ನೋಡುವವರು ಕೂತರು. ಅಷ್ಟು ಸೊಗಸಾಗಿ ಕೂತು ನೋಡುವ ಜಾಗ ಬೆಂಗಳೂರಿನಲ್ಲೂ ಇರಲಿಲ್ಲ ಎಂದು ನಮ್ಮವರು ಬಹಳ ದಿನ ಕೊಚ್ಚಿಕೊಂಡರು.

ಆಟ ಶುರುವಾಗುವುದೇ ನಟ್ಟನಡುವೆ ಎಂದು ಅಪ್ಪಯ್ಯಣ್ಣನಿಗೆ ತಿಳಿದದ್ದು ಭಾನುವಾರ, ಆಟದ ಹೊತ್ತಿಗೆ. ಇಬ್ಬರು ಎತ್ತರದ ಹುಡುಗರು ಮೇಟಿಯ ಗುಂಡಿ ಇದ್ದಲ್ಲೇ ಎದುರುಬದುರು ನಿಂತರು. ಹೊಸ ಮಣ್ಣು ಕುಸಿದರೆ ಯಾರದೋ ಮನೆಯ ಮಗನ ಕಾಲು ಮುರಿಯುತ್ತದೆ. ಹುಡುಗರು ಚೆಂಡಿಗೆ ಹಾರಿದರು, ಅವನು ಕಣ್ಣು ಮುಚ್ಚಿಕೊಂಡ. ಧಪ್ ಎಂದು ಕಾಲುಗಳು ನೆಲಕ್ಕೆ ಬಿದ್ದವು. ಆಮೇಲೆ ಚೆಂಡು ಪುಟಿಯುವ ಸದ್ದು, ಮತ್ತೆ ಮತ್ತೆ. ಕಣ್ಣು ಬಿಟ್ಟಾಗ ಆಟ ಆಗಲೇ ಆಚೆ ಕೊನೆ ಮುಟ್ಟಿತ್ತು.

ನಮ್ಮವರು ಸೋತರು, ಮುಚ್ಚಿಡುವುದೇಕೆ. ಆದರೆ ಆಟ ಮುಗಿದ ಮೇಲೆ ಬೆಂಗಳೂರಿನ ತಂಡದ ನಾಯಕ ಬಗ್ಗಿ ನೆಲ ಸವರಿ ನೋಡಿದ.

"ಈ ಕಂಟ್ರೋಲ್ ಕಾಲದಲ್ಲಿ ಇಷ್ಟೊಂದು ಸಿಮೆಂಟು ನಿಮಗೆಲ್ಲಿ ಸಿಕ್ತು?"

ಅಪ್ಪಯ್ಯಣ್ಣ ಮುಂದೆ ಬಂದು ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ.

"ಮಣ್ಣು ಕಣಪ್ಪಾ" ಎಂದ. "ಬರೀ ಮಣ್ಣು."