ತೊಟ್ಟು ಚಿವುಟಿದ ಎಲೆ

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ತಂಗಿಗೆ ಒಂದೇ ಶಬ್ದವನ್ನು ಹೇಳಿಸುತ್ತಿದ್ದೆ. ಆಬ್, ಓ, ವೇಟ್, ಎಲೆಯ ಒಂದು ಆಕಾರದ ಹೆಸರು. ಅಂದು ಅವಳ ಬಿ.ಎಸ್ಸಿ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಹಿಂದಿನ ಸಲ ಮೌಖಿಕದಲ್ಲಿ ಬಾಯಿ ಬಿಡದೆ ಫೇಲಾಗಿದ್ದಳು. ಈ ಸಲವೂ ಹೋದರೆ ಬಿ.ಎಡ್. ಸೀಟು ಕೈತಪ್ಪುತ್ತಿತ್ತು.

“ಓವಮ್ ಅಂದ್ರ ಲ್ಯಾಟಿನ್‌ನಾಗ ಮೊಟ್ಟಿ. ಓವೇಟ್ ಅಂದ್ರ ತೊಟ್ಟಿನ ಕಡೆ ಅಗಲ. ಮುಂದ ಆಬ್ ಹಚ್ಚಿದ್ರ ಉಲ್ಟಾ, ತುದಿ ಕಡೆ ಅಗಲ,” ಎಂದೆ. ಒತ್ತು ‘ಓ’ ಮೇಲೆ ಬೀಳಬೇಕು ಎಂದೂ ಹೇಳಿದೆ. ಅದು ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಕಲಿತದ್ದೋ, ನಾನೇ ಊಹಿಸಿದ್ದೋ, ಈಗ ಖಾತ್ರಿಯಿಲ್ಲ.

“ಅಕ್ಕಾ, ಮೊಟ್ಟಿ ಸಾಕು.”

ಅವಳ ಮಡಿಲಲ್ಲಿದ್ದ ಫೈಲು ತೆರೆದೆ. ಒಣಗಿಸಿ ಅಂಟಿಸಿದ ಮುತ್ತಲದ ಎಲೆಗೆ ತೊಟ್ಟೇ ಇರಲಿಲ್ಲ.

“ತೊಟ್ಟೆಲ್ಲಿ?”

“ಅವ್ವ ಚಿವುಟ್ಯಾಳ.”

ಅವ್ವ ಮುತ್ತಲದ ಎಲೆಯಿಂದ ಊಟದ ಪತ್ರಾವಳಿ ಹಚ್ಚುವವಳು. ಎಲೆ ಕೈಗೆ ಸಿಕ್ಕರೆ ತೊಟ್ಟು ಚಿವುಟಿ, ಒರೆಸಿ, ಮೇಲೆ ಭಾರ ಹೇರಿಡುವುದು ಅವಳ ರೂಢಿ. ಪರೀಕ್ಷೆಗೆಂದು ತಂದ ಎಲೆಗೂ ಅದನ್ನೇ ಮಾಡಿದ್ದಳು. ಬುಡ ಯಾವುದು, ತುದಿ ಯಾವುದು ತಿಳಿಯದ ತಂಗಿ ಅಗಲ ಭಾಗವನ್ನು ಕೆಳಗೆ ಮಾಡಿ ಅಂಟಿಸಿ, ‘ಓವೇಟ್’ ಎಂದು ಬರೆದಿದ್ದಳು.

ಬಸ್ಸು ಹಳಿಯಾಳ ಮುಟ್ಟಿತ್ತು. “ನರ ನೋಡು,” ಎಂದೆ. “ಪಕ್ಕದ ನರ ಯಾವಾಗ್ಲೂ ತುದಿ ಕಡೆ ವಾಲ್ತಾವ. ಇಲ್ಲಿ ಕೆಳಗ ವಾಲ್ಯಾವ. ಅಂದ್ರ ಕೆಳಗಿನ ಅಗಲ ಭಾಗನ ತುದಿ.” ಹಾಗೆ ಹೇಳಿದ್ದು ನಾನೆಂದೇ ನನ್ನ ನೆನಪು. ಮೊದಲು ಕಂಡದ್ದು ತನಗೇ ಎನ್ನುತ್ತಾಳೆ ಅವಳು. ಇರಬಹುದು. ಕಿತ್ತು ತಿರುಗಿಸಿ ಹಚ್ಚೋಣವೆಂದರೆ ಎಲೆ ಪುಡಿಯಾಗುವಂತಿತ್ತು. ಆ ಹಾಳೆಯನ್ನೇ ಹಿಡಿದು ಕಾಲೇಜಿನ ಲ್ಯಾಬಿನೊಳಗೆ ಹೋದಳು.

ಲ್ಯಾಬಿನ ಕಿಟಕಿ ತೆರೆದಿತ್ತು. ನಾನು ಹೊರಗೆ ಜಗಲಿಯಲ್ಲಿ ನಿಂತಿದ್ದೆ.

“ಇದು ಓವೇಟ್ ಏನವಾ?” ಪರೀಕ್ಷಕರ ದನಿ.

ನಾನು ಕಿಟಕಿಗೆ ಹತ್ತಿರ ಸರಿದೆ. ಹಿಂದಿನ ಸಲ ಅವಳು ಸೋತದ್ದು ಇಲ್ಲೇ.

“ಅಲ್ರಿ ಸರ್,” ಎಂದಳು ತಂಗಿ. “ತಲಿಕೆಳಗ ಹಚ್ಚೇನ್ರಿ. ನಮ್ಮವ್ವ ಪತ್ರಾವಳಿ ಎಲಿ ಮಾಡಿದಂಗ ತೊಟ್ಟು ಚಿವುಟ್ಯಾಳ್ರಿ. ನರ ನೋಡ್ರಿ. ಇದು ಆಬೋವೇಟ್ ರೀ.”

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಪರೀಕ್ಷಕರು ನಗಲಿಲ್ಲ.

“ಮುಂದಿನ ಸಲ ತೊಟ್ಟು ಹಂಗ ಬಿಡಲಿಕ್ಕೆ ಹೇಳು ನಿಮ್ಮವ್ವಗ.”

“ಮುಂದಿನ ಸಲಾನೂ ಬರಬೇಕೇನ್ರಿ ಸರ್?”

ಹಾಳೆ ಮಗುಚಿದ ಸದ್ದು.

“ನೀ ಯಾಕ ಬರ್ತಿ? ಪಾಸಾದವ್ರಿಗೆ ಇಲ್ಲೇನ್ ಕೆಲಸ? ಮನಿಗೆ ನಡಿ.”