ಐನೂರ ಎಂಬತ್ತೇಳು ವಾಕ್ಯ

ಹೊಸಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ನಾಲ್ಕನೆಯ ಮಳಿಗೆ ಕಾಂತರಾಜು ಅವರ ಜೆರಾಕ್ಸ್ ಅಂಗಡಿ. ಒಳಗೆ, ಗಾಜಿನ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಲಗ್ನಪತ್ರಿಕೆ, ಬಾಡಿಗೆ ಕರಾರು, ತಿಥಿ ಕಾರ್ಡು ಟೈಪು ಮಾಡುವವಳು ಗುರುದೇವಿ. ನಾನು ರಾಜಾಜಿನಗರದ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಪ್ರಯೋಗದ ಕೈಪಿಡಿಗಳನ್ನು ಹನ್ನೊಂದು ವರ್ಷದಿಂದ ಅವಳೇ ಟೈಪು ಮಾಡುತ್ತಿದ್ದಾಳೆ. ಹತ್ತರ ಘಾತ ಮೂರು ಎಂದು ಬರೆದುಕೊಟ್ಟರೆ ಅದನ್ನು ನೂರಾಮೂರು ಮಾಡದ ಡಿಟಿಪಿಯವರು ನನಗೆ ಸಿಕ್ಕಿದ್ದು ಅವಳೊಬ್ಬಳೇ.

ಸಿಂದಗಿಯಲ್ಲಿ ಪಿಯುಸಿ ಓದಿ, ಅಲ್ಲೇ ಟೈಪ್‌ರೈಟಿಂಗ್ ಜೂನಿಯರ್ ಪಾಸು ಮಾಡಿ, ಇಪ್ಪತ್ತೆರಡನೆಯ ವಯಸ್ಸಿಗೆ ತಾಯಿ ಲಕ್ಷ್ಮವ್ವನವರೊಂದಿಗೆ ಇಲ್ಲಿಗೆ ಬಂದವಳು. ಈಗ ಮೂವತ್ತೊಂಬತ್ತು. ಮನೆ ಬ್ಯಾಡರಹಳ್ಳಿಯಲ್ಲಿ, ಮೊದಲ ಮಹಡಿ. ಲಕ್ಷ್ಮವ್ವ ಅಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಬೋರ್ಡು ಇರಲಿಲ್ಲ. ಮೊದಲ ಹತ್ತು ರೊಟ್ಟಿ ಆದೊಡನೆ ಮೆಟ್ಟಿಲ ತುದಿಗೆ ಬಂದು, “ಏ ತಮ್ಮಾ, ರೊಟ್ಟಿ ಬಿಸಿ ಅದಾವ, ಒಯ್ರಿ!” ಎಂದು ಕೂಗುತ್ತಿದ್ದರು. ಆ ಕೂಗು ಎರಡು ಅಡ್ಡರಸ್ತೆ ದಾಟುತ್ತಿತ್ತು. ಅವರ ಕಡೆಯ ಊರುಗಳಿಂದ ಬಂದ ಕೂಲಿಯವರು, ಡೆಲಿವರಿ ಬೈಕಿನವರು ಅದನ್ನು ಕೇಳಿಯೇ ಬರುತ್ತಿದ್ದರು.

ಗುರುದೇವಿಗೆ ಅಂಗಡಿಯ ಎರಡು ಕಟ್ಟಳೆಗಳಿದ್ದವು. ಒಂದು, ಪ್ರತಿ ಕೆಲಸಕ್ಕೂ ಒಂದು ಫೋಲ್ಡರು. ಮೊದಲು ಗಿರಾಕಿಯ ಹೆಸರು, ಒಂದು ಖಾಲಿ ಜಾಗ, ಆಮೇಲೆ ಕೆಲಸದ ಹೆಸರು. ‘ಚನ್ನಕೇಶವ ಲಗ್ನ’, ‘ವಿಮಲಮ್ಮ ಕರಾರು’, ಹೀಗೆ. ಎರಡು, ಜನರ ಆಧಾರ್ ಪ್ರತಿಗಳು ಕಂಪ್ಯೂಟರಿನಲ್ಲಿ ಉಳಿಯಬಾರದೆಂದು ಸಂಜೆ ಎಲ್ಲವನ್ನೂ ಅಳಿಸುವುದು, ಆದರೆ ರಿಸೈಕಲ್ ಬಿನ್ನನ್ನು ಹದಿನೈದು ದಿನ ಮುಟ್ಟದಿರುವುದು. ಮರುದಿನ ಗಿರಾಕಿ ಓಡಿ ಬಂದರೆ ಅಲ್ಲಿಂದ ಎತ್ತಿಕೊಡುತ್ತಿದ್ದಳು.

“ನಮ್ಮಂಗ್ಡಿ ಡಸ್ಟ್‌ಬಿನ್ನು ದೇವಸ್ಥಾನದ ಹುಂಡಿ ಇದ್ದಂಗೆ ಸಾರ್,” ಎನ್ನುತ್ತಿದ್ದರು ಕಾಂತರಾಜು. “ಬಿದ್ದಿದ್ದು ಎಲ್ಲೂ ಹೋಗಲ್ಲ.”

ಕಳೆದ ವರ್ಷ ಶ್ರಾವಣದಲ್ಲಿ ಲಕ್ಷ್ಮವ್ವನವರ ದನಿ ಒಡೆಯಿತು. ದೀಪಾವಳಿಯ ಹೊತ್ತಿಗೆ ವೈದ್ಯರು ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಶಸ್ತ್ರಚಿಕಿತ್ಸೆಗೆ ಇಪ್ಪತ್ತಾರು ದಿನ ಇತ್ತು. ಆಸ್ಪತ್ರೆಯಲ್ಲಿ ಒಂದು ಕರಪತ್ರ ಸಿಕ್ಕಿತು. ದನಿ ಹೋಗುವ ಮೊದಲೇ ಆರುನೂರು ವಾಕ್ಯ ರೆಕಾರ್ಡ್ ಮಾಡಿ ಕಳಿಸಿದರೆ, ಅದರಿಂದ ಕಂಪ್ಯೂಟರಿನಲ್ಲಿ ಅದೇ ದನಿ ಕಟ್ಟಿಕೊಡುವ ಸಂಶೋಧಕರ ತಂಡವೊಂದಿತ್ತು. ಆಮೇಲೆ ಫೋನಿನಲ್ಲಿ ರೊಟ್ಟಿಯ ಚಿತ್ರ ಒತ್ತಿದರೆ ಫೋನು ಲಕ್ಷ್ಮವ್ವನವರ ದನಿಯಲ್ಲೇ ಕೂಗುತ್ತದೆ.

ತೊಡಕು ಒಂದೇ: ಲಕ್ಷ್ಮವ್ವನವರಿಗೆ ಓದು ಬರುವುದಿಲ್ಲ. ಅದಕ್ಕೆ ಗುರುದೇವಿ ವಾಕ್ಯವನ್ನು ತಾನು ಓದಿ ಹೇಳುವುದು, ಅವ್ವ ಅದನ್ನು ಅನ್ನುವುದು, ಎರಡೂ ಒಂದೇ ಕಡತದಲ್ಲಿ ರೆಕಾರ್ಡ್ ಆಗುವುದು ಎಂದು ಗೊತ್ತುಮಾಡಿಕೊಂಡಳು. ಬೆಳಗಿನ ಹೊತ್ತು ದನಿ ಸ್ವಲ್ಪ ತಿಳಿಯಾಗಿರುತ್ತಿತ್ತು. ದಿನಕ್ಕೆ ಇಪ್ಪತ್ತೈದು ವಾಕ್ಯ.

ಆ ವಾಕ್ಯಗಳು ಪುಸ್ತಕದ ಕನ್ನಡದಲ್ಲಿದ್ದವು. “ಹವಾಮಾನ ಇಲಾಖೆಯ ಪ್ರಕಾರ ನಾಳೆ ಮೋಡ ಕವಿದ ವಾತಾವರಣ ಇರಲಿದೆ” ಎನ್ನುವುದು ಮೊದಲನೆಯದು.

“ಏನಬೇ ಇದು! ನಾ ಯಾವಾಗ ಹಿಂಗ ಮಾತಾಡೀನಿ? ಟೀವಿಯೊಳಗಿನಾಕಿ ಅಂತ ತಿಳಕೊಂಡಾರೇನು ನನ್ನ?”

“ಸುಮ್ನ ಅನ್ನಬೇ. ಎಲ್ಲಾ ಅಕ್ಷರ ಬರಬೇಕಂತ.”

“ಅಕ್ಷರ ಬಂದಿದ್ರ ನಾ ರೊಟ್ಟಿ ಯಾಕ ಬಡೀತಿದ್ನಿ?”

ಪ್ರತಿ ವಾಕ್ಯ ಮುಗಿದ ಮೇಲೂ ಲಕ್ಷ್ಮವ್ವ ಮಗಳ ಮುಖ ನೋಡುತ್ತಿದ್ದರಂತೆ, ಸರಿಯಾಯಿತೇ ಎಂಬಂತೆ. ಇವಳು “ಆತಬೇ” ಎಂದ ಮೇಲೆಯೇ ಮುಂದಿನದು. ಇದನ್ನೆಲ್ಲ ಅವಳು ಅಂಗಡಿಯಲ್ಲಿ ನಗುತ್ತ ನನಗೆ ಹೇಳಿದಳು. ಕೊನೆಯ ಹದಿಮೂರು ವಾಕ್ಯಗಳಿಗೆ ದನಿ ಏಳಲಿಲ್ಲ. ಐನೂರ ಎಂಬತ್ತೇಳು ಆದವು. ಬುಧವಾರ ಶಸ್ತ್ರಚಿಕಿತ್ಸೆ ಆಯಿತು.

ಈಗ ಪ್ರತಿ ಕಡತದಿಂದ ಮಗಳ ದನಿಯನ್ನು ಕತ್ತರಿಸಿ ತೆಗೆದು, ತಾಯಿಯದನ್ನಷ್ಟೇ ಉಳಿಸಬೇಕಿತ್ತು. ಕೈಯಿಂದ ಮಾಡಿದರೆ ವಾರಗಟ್ಟಲೆ ಹಿಡಿಯುತ್ತದೆ. ತಂಡದವರು ಲಿನಕ್ಸಿನಲ್ಲಿ ಓಡುವ ಉಪಕರಣಗಳ ಪಟ್ಟಿ ಕಳಿಸಿದ್ದರು. ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಿ ನಡೆಸುವಂಥವು. ಅವಳ ಲ್ಯಾಪ್‌ಟಾಪು ವಿಂಡೋಸಿನದು. ನಾನು ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಲಿನಕ್ಸ್ ಬಳಸುತ್ತಿದ್ದೇನೆ. ಮೂವತ್ತೊಂದು ಸಾಲಿನ ಒಂದು ಸ್ಕ್ರಿಪ್ಟು ಬರೆದುಕೊಟ್ಟೆ. ಅದು ಮಾಡುವುದು ಎರಡು ಕೆಲಸ. ಮೊದಲ ಹಂತದಲ್ಲಿ ಮಗಳ ಮಾತನ್ನೂ ನಡುವಿನ ಮೌನವನ್ನೂ ಕತ್ತರಿಸಿ ಒಂದು ಕಡೆ ಹಾಕುತ್ತದೆ. ಎರಡನೆಯ ಹಂತದಲ್ಲಿ ಮೂಲ ಕಡತಕ್ಕೇ ಮರಳಿ, ಅದರಲ್ಲಿ ಉಳಿದ ತಾಯಿಯ ಮಾತನ್ನು ಸ್ವಚ್ಛ ಮಾಡಿ ಇಡುತ್ತದೆ.

ಗುರುವಾರದಿಂದ ಶನಿವಾರದವರೆಗೆ ಅವಳು ಬೆಳಿಗ್ಗೆ ಆ ಯಂತ್ರದೊಂದಿಗೆ, ಸಂಜೆ ಆಸ್ಪತ್ರೆಯಲ್ಲಿ. ಬಂದ ದೋಷಗಳನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಳು: ಗಂಟೆ, ಪರದೆ ಹೇಳಿದ್ದು, ತಾನು ಮಾಡಿದ್ದು. ಆ ನೋಟ್‌ಬುಕ್ಕು ನನ್ನ ಯಾವ ವಿದ್ಯಾರ್ಥಿಯ ಪ್ರಯೋಗ ಪುಸ್ತಕಕ್ಕಿಂತಲೂ ಅಚ್ಚುಕಟ್ಟಾಗಿತ್ತು.

ಮೊದಲು, ಆಜ್ಞೆಯೇ ಗೊತ್ತಿಲ್ಲ ಎಂದಿತು ಯಂತ್ರ. ಆ ಉಪಕರಣಗಳ ವಿಂಡೋಸ್ ರೂಪಗಳನ್ನು ಹಾಕಿಸಿದೆ. ಆಮೇಲೆ ಪ್ರತಿ ಸಾಲಿನ ತುದಿಯಲ್ಲೂ ಏನೋ ಕಸವಿದೆ ಎಂದಿತು. ಅವಳು ನೋಟ್‌ಪ್ಯಾಡಿನಲ್ಲಿ ತಿದ್ದಿದ್ದಳು. ವಿಂಡೋಸಿನಲ್ಲಿ ಸಾಲು ಮುಗಿದಾಗ ಕಾಣದ ಗುರುತು ಎರಡು ಬೀಳುತ್ತವೆ, ಲಿನಕ್ಸಿನಲ್ಲಿ ಒಂದೇ ಎಂದು ಫೋನಿನಲ್ಲಿ ವಿವರಿಸಿದೆ.

“ಗೊತ್ತಾತ್ರಿ ಸರ. ಟೈಪ್‌ರೈಟರಿನ್ಯಾಗ ಗಾಡಿ ಹಿಂದಕ ತಳ್ಳೂದೊಂದು, ಹಾಳಿ ಮ್ಯಾಲ ಏರ್ಸೂದೊಂದು. ಹೌದಿಲ್ರಿ?”

ಹೌದು. ಅಷ್ಟು ಚೆನ್ನಾಗಿ ನಾನು ಎಂದೂ ವಿವರಿಸಿರಲಿಲ್ಲ.

ಮೂರನೆಯದು ಫೋಲ್ಡರಿನ ಹೆಸರು. ಮೂಲ ರೆಕಾರ್ಡಿಂಗುಗಳನ್ನು ಅವಳು ‘ಅವ್ವ’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದಳು. ಕತ್ತರಿಸಿದ ಚೂರುಗಳಿಗೆ, ಅಂಗಡಿಯ ಕಟ್ಟಳೆಯಂತೆ, ‘ಅವ್ವ ಕೆಲಸ’ ಎಂದು ಹೆಸರಿಟ್ಟಿದ್ದಳು. ನಡುವೆ ಖಾಲಿ ಜಾಗವಿದ್ದರೆ ಈ ಉಪಕರಣಗಳು ಒಂದೇ ಹೆಸರನ್ನು ಎರಡೆಂದು ಓದುತ್ತವೆ.

“ಹೆಸರಿನ ನಡುವೆ ಜಾಗ ಬಿಡ್ಬೇಡಿ, ಗುರುದೇವಿ,” ಎಂದೆ.

“ಹದಿನೇಳು ವರ್ಸದ ಕೈ ಸರ. ತಾನ ಬಿಡತೈತಿ.”

ಇರಲಿ ಎಂದು, ಸ್ಕ್ರಿಪ್ಟಿನಲ್ಲಿ ಆ ಹೆಸರು ಬರುವ ನಾಲ್ಕು ಕಡೆಯೂ ಉದ್ಧರಣ ಚಿಹ್ನೆ ಹಾಕಿಕೊಟ್ಟೆ. ಚಿಹ್ನೆಯೊಳಗಿದ್ದರೆ ಹೆಸರು ಒಂದಾಗಿಯೇ ಉಳಿಯುತ್ತದೆ.

ಶನಿವಾರ ಮೊದಲ ಹಂತ ಮುಗಿಯಿತು. ಎರಡನೆಯದು ಶುರುವಾಗುವಾಗ ನಿಂತಿತು. ಕಡತ ಹುಡುಕುವ ಉಪಕರಣದ ಹೆಸರಿನದೇ ಇನ್ನೊಂದು ಹಳೆಯ ಉಪಕರಣ ವಿಂಡೋಸಿನಲ್ಲಿದೆ. ಯಂತ್ರ ಅದನ್ನು ಕರೆದಿತ್ತು. ಅದನ್ನೂ ಸರಿಮಾಡಿದೆ. ಆದರೆ ಶನಿವಾರದ ಓಟದ ಚೂರುಗಳು ‘ಅವ್ವ ಕೆಲಸ’ದಲ್ಲಿ ಉಳಿದಿದ್ದವು, ಹೊಸದರೊಂದಿಗೆ ಬೆರೆತುಹೋಗುತ್ತಿದ್ದವು. ಅದಕ್ಕಾಗಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಹೊಸ ಸಾಲು ಬರೆದು ವಾಟ್ಸಾಪಿನಲ್ಲಿ ಕಳಿಸಿದೆ. ಶುರುವಿನಲ್ಲೇ ‘ಅವ್ವ ಕೆಲಸ’ವನ್ನು ಅಳಿಸುವ ಸಾಲು. ನನ್ನ ಯಂತ್ರದಲ್ಲಿ ಒಮ್ಮೆ ಓಡಿಸಿಯೂ ನೋಡಿದ್ದೆ. ನನ್ನ ಫೋಲ್ಡರುಗಳ ಹೆಸರಿನಲ್ಲಿ ಖಾಲಿ ಜಾಗ ಇರುವುದಿಲ್ಲ.

ಫೋನು ಕಿವಿಗೆ ಹಿಡಿದೇ ಅವಳು ಓಡಿಸಿದಳು.

“ಸರ, ಏನೂ ಅನ್ನಲಿಲ್ರಿ. ಸುಮ್ನ ಕೆಳಗಿನ ಸಾಲಿಗೆ ಬಂತು.”

“ಒಳ್ಳೇದೇ. ಇದು ಏನೂ ಹೇಳ್ಲಿಲ್ಲ ಅಂದ್ರೆ ಹೇಳಿದ ಕೆಲಸ ಆಗಿದೆ ಅಂತ.”

“ಈಗ ಕಡತ ಸೊನ್ನಿ ಅಂತೈತ್ರಿ. ‘ಅವ್ವ’ ಫೋಲ್ಡರ ಕಾಣವಲ್ದು.”

ನನಗೆ ಆಗಲೇ ಗೊತ್ತಾಯಿತು. ಹೊಸ ಸಾಲಿಗೆ ನಾನು ಉದ್ಧರಣ ಚಿಹ್ನೆ ಹಾಕಿರಲಿಲ್ಲ. ಯಂತ್ರ ಅದನ್ನು ಎರಡು ಹೆಸರೆಂದು ಓದಿ ಮೊದಲು ‘ಅವ್ವ’ವನ್ನು ಅಳಿಸಿತ್ತು. ಬರಿಯ ‘ಕೆಲಸ’ ಎಂಬುದು ಎಲ್ಲೂ ಇರಲಿಲ್ಲವಾದ್ದರಿಂದ ಸುಮ್ಮನಾಗಿತ್ತು.

ಅವಳು ಮಾತ್ರ ಗಾಬರಿಯಾಗಲಿಲ್ಲ. “ಇರ್ರಿ ಸರ, ಬಿನ್ನಿನ್ಯಾಗ ನೋಡತೀನಿ,” ಎಂದಳು. ಈ ಉಪಕರಣಗಳು ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮೌಸಿನ ಸದ್ದು ಕೇಳಿಸುತ್ತಿತ್ತು. ಎರಡು ಸಲ, ಮೂರು ಸಲ. ಆಮೇಲೆ ಬಹಳ ಸಲ.

ಲ್ಯಾಪ್‌ಟಾಪು ಆರಿಸಿ ಎಂದೆ. ಆಟೊ ಹಿಡಿದು ಬ್ಯಾಡರಹಳ್ಳಿಗೆ ಹೋದೆ. ಇನ್ನೊಂದು ಪ್ರತಿ ಇದೆಯೇ ಎಂದು ನಾನು ಮೊದಲ ಸಲ ಕೇಳಿದ್ದು ಅವತ್ತು, ಅವಳ ಮನೆಯ ಬಾಗಿಲಲ್ಲಿ ನಿಂತು.

“ಹಸನ ಮಾಡಿದ ಮ್ಯಾಲ ಇಡೂಣು ಅಂತಿದ್ನಿ ಸರ,” ಎಂದಳು. “ಜ್ವಾಳಾ ಹಸನ ಮಾಡದ ಯಾರರ ಡಬ್ಬಿಗೆ ಹಾಕ್ತಾರೇನ್ರಿ?”

ಮೂರು ದಿನ ನಮ್ಮ ಪ್ರಯೋಗಾಲಯದಲ್ಲಿ ಅಳಿದದ್ದನ್ನು ಹುಡುಕುವ ಉಪಕರಣ ಓಡಿಸಿದೆ. ಅವಳ ಲ್ಯಾಪ್‌ಟಾಪಿನಲ್ಲಿದ್ದದ್ದು ಹೊಸ ಬಗೆಯ ಡಿಸ್ಕು. ಅಳಿಸಿದ ಜಾಗವನ್ನು ಅದು ತಾನಾಗಿಯೇ ಗುಡಿಸಿ ಖಾಲಿ ಮಾಡಿಡುತ್ತದೆ. ಐನೂರ ಎಂಬತ್ತೇಳು ಕಡತಗಳ ಹೆಸರು ಸಿಕ್ಕಿತು, ಗಾತ್ರವೂ ಸಿಕ್ಕಿತು. ತೆರೆದು ನೋಡಿದರೆ ಮೊದಲಿನಿಂದ ಕೊನೆಯವರೆಗೆ ಸೊನ್ನೆ. ಐನೂರ ಎಂಬತ್ತೇಳನ್ನೂ ತೆರೆದು ನೋಡಿದೆ.

ಬುಧವಾರ ಅಂಗಡಿಗೆ ಹೋಗಿ ಹೇಳಿದೆ.

“ಒಂದೂ ಸಿಗ್ಲಿಲ್ವಾ ಸಾರ್?” ಎಂದರು ಕಾಂತರಾಜು. “ನಾಯಂಡಹಳ್ಳೀಲಿ ಒಬ್ರು ಇದಾರೆ, ಸುಟ್ಟೋಗಿರೋ ಡಿಸ್ಕಿಂದಾನೂ ತೆಗೀತಾರಂತೆ.”

ಅಲ್ಲಿಗೂ ಹೋಗಿಬಂದೆವು. ಅವರು ಪರದೆ ನೋಡಿ, ಟೀ ತರಿಸಿ, ಆಗುವುದಿಲ್ಲ ಎಂದರು.

ಹಿಂದಿರುಗುವಾಗ ಮೆಟ್ರೊದಲ್ಲಿ ಆ ಸಾಲನ್ನು ಅವಳಿಗೆ ತೋರಿಸಿದೆ. “ಇಲ್ಲೊಂದು, ಇಲ್ಲೊಂದು ಚಿಹ್ನೆ ಹಾಕ್ಬೇಕಿತ್ತು. ನಾನು ಹಾಕ್ಲಿಲ್ಲ. ತಪ್ಪು ನಂದು.”

ಅವಳು ಬಹಳ ಹೊತ್ತು ನೋಡಿದಳು. “ಹೆಸರಿನ್ಯಾಗ ಜಾಗಾ ಬಿಡಬ್ಯಾಡ್ರಿ ಅಂತ ನೀವು ಮದಲ ಅಂದಿದ್ರಿ ಸರ,” ಎಂದಳು. ಆಮೇಲೆ, ವಿಜಯನಗರ ದಾಟುವಾಗ, “ಹಂಗಾದ್ರ ‘ಅವ್ವ ಕೆಲಸ’ ಹೋಗಿಲ್ಲಲ್ರಿ?”

ಹೋಗಿರಲಿಲ್ಲ. ಅಳಿಸಬೇಕೆಂದಿದ್ದದ್ದು ಪೂರ್ತಿ ಉಳಿದಿತ್ತು. ಮೊದಲ ಹಂತದ ಚೂರುಗಳು, ಐನೂರ ಎಂಬತ್ತೇಳು. ಪ್ರತಿಯೊಂದರಲ್ಲೂ ಗುರುದೇವಿಯ ದನಿಯಲ್ಲಿ ಒಂದು ವಾಕ್ಯ, ನಡುವಿನ ಅರ್ಧ ಸೆಕೆಂಡಿನ ಮೌನ, ತುದಿಯಲ್ಲಿ ಮಾತಾಡಲು ಲಕ್ಷ್ಮವ್ವ ಎಳೆದುಕೊಂಡ ಉಸಿರು. ಅಲ್ಲಿಗೆ ಕಡತ ಮುಗಿಯುತ್ತದೆ.

ತಂಡದವರಿಗೆ ಬರೆದೆವು. ಉಸಿರಿನಿಂದ ದನಿ ಕಟ್ಟಲಾಗದು, ಆದರೆ ಈ ಓದುವ ಹೆಂಗಸಿನ ದನಿ ಸ್ಪಷ್ಟವಾಗಿದೆ, ಬೇಕಾದರೆ ಇದರಿಂದಲೇ ಮಾಡಿಕೊಡುತ್ತೇವೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

“ನನ್ನ ದನಿ ನನಗ ಐತಲ್ರಿ ಸರ,” ಎಂದಳು ಗುರುದೇವಿ. ಬೇಡವೆಂದು ತಾನೇ ಉತ್ತರ ಟೈಪು ಮಾಡಿದಳು.

ಹದಿನಾಲ್ಕನೆಯ ದಿನ ಲಕ್ಷ್ಮವ್ವ ಮನೆಗೆ ಬಂದರು. ದಿನಾ ಬೆಳಿಗ್ಗೆ ಫೋನು ತೋರಿಸಿ, ಕೈ ತಿರುವಿ ಕೇಳುತ್ತಿದ್ದರಂತೆ: ಎಲ್ಲಿಗೆ ಬಂತು? ಇವಳು ದಿನಾ “ಮಾಡಾಕತ್ತಾರಬೇ” ಎನ್ನುತ್ತಿದ್ದಳು. ಒಂಬತ್ತು ದಿನ ಹಾಗೆ ಕಳೆದು ನನಗೆ ಫೋನು ಮಾಡಿದಳು. “ಇವತ್ತು ಹೇಳತೀನ್ರಿ. ನೀವೂ ಇರ್ರಿ ಸರ.”

ಹೋದಾಗ ಬೆಳಗಿನ ಹತ್ತು ಗಂಟೆ. ರೊಟ್ಟಿಯ ಹೆಂಚು ಗೋಡೆಗೆ ಒರಗಿತ್ತು. ಲಕ್ಷ್ಮವ್ವ ಚಾಪೆಯ ಮೇಲೆ ಕುಳಿತಿದ್ದರು. ಉಸಿರಾಡಲು ಕುತ್ತಿಗೆಯಲ್ಲಿ ಮಾಡಿದ್ದ ರಂಧ್ರದ ಮುಂದೆ ತೆಳುವಾದ ಬಿಳಿ ಬಟ್ಟೆ ಇಳಿಬಿದ್ದಿತ್ತು. ನನ್ನನ್ನು ನೋಡಿ ಎರಡು ಚಪ್ಪಾಳೆ ತಟ್ಟಿ ಕೂರಲು ತೋರಿಸಿದರು.

ಗುರುದೇವಿ ಬಳಸಿ ಹೇಳಲಿಲ್ಲ. “ಯವ್ವಾ, ನಿನ್ನ ದನಿ ಅಳಿಸಿ ಹೋತಬೇ. ಎಲ್ಲಾ. ತಿರುಗಿ ಬರೂದಿಲ್ಲ.” ನಾನು, ತಪ್ಪು ನನ್ನದು ಎಂದೆ. ಲಕ್ಷ್ಮವ್ವ ನನ್ನ ಕಡೆ ನೋಡಲಿಲ್ಲ. ಮಗಳನ್ನು ನೋಡಿದರು, ಲ್ಯಾಪ್‌ಟಾಪನ್ನು ನೋಡಿದರು, ತೆಗೆ ಎಂದು ಬೆರಳಿನಿಂದ ತೋರಿಸಿದರು.

“ಏನಿಲ್ಲಬೇ ಅದರಾಗ. ನಂದ ಐತಿ.”

ಮತ್ತೆ ಬೆರಳು ತೋರಿಸಿದರು.

ಅವಳು ಮೊದಲನೆಯದನ್ನು ಒತ್ತಿದಳು. ಅವಳದೇ ದನಿ ಹೊರಟಿತು: “ಹವಾಮಾನ ಇಲಾಖೆಯ ಪ್ರಕಾರ ನಾಳೆ ಮೋಡ ಕವಿದ ವಾತಾವರಣ ಇರಲಿದೆ.” ಮೌನ. ಉಸಿರು. ಅಷ್ಟೇ.

ಲಕ್ಷ್ಮವ್ವನವರ ತುಟಿ ಅಲುಗಿತು. ಹವಾಮಾನ ಎನ್ನುವಾಗ ತುಟಿ ಕೂಡಿ ತೆರೆಯಿತು, ಮೋಡ ಎನ್ನುವಾಗ ಮತ್ತೆ ಕೂಡಿತು. ವಾಕ್ಯ ಎಲ್ಲಿದೆ ಎಂದು ನೋಡುತ್ತಲೇ ತಿಳಿಯುತ್ತಿತ್ತು. ಸದ್ದಿರಲಿಲ್ಲ. ಕುತ್ತಿಗೆಯ ಬಟ್ಟೆ ಮಾತ್ರ ಉಬ್ಬಿ ಇಳಿಯಿತು. ಪೂರ್ತಿ ಅಂದು ಮುಗಿಸಿ, ಮಗಳ ಮುಖ ನೋಡಿದರು.



“ಆತಬೇ,” ಎಂದಳು ಗುರುದೇವಿ.

ಲಕ್ಷ್ಮವ್ವ ಬೆರಳು ತೋರಿಸಿದರು. ಅವಳು ಎರಡನೆಯದನ್ನು ಒತ್ತಿದಳು.